ಹನ್ನೊಂದೋ, ನಲವತ್ಮೂರೋ

ಇದು ಎರಡು ವರ್ಷದ ಹಿಂದಿನ ಮಾತು. ನವೆಂಬರ್ ತಿಂಗಳ ಒಂದು ಶನಿವಾರ ಅಂಕೋಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ತಾಲೂಕು ಮಟ್ಟದ ಗಣಿತ ರಸಪ್ರಶ್ನೆ ಸ್ಪರ್ಧೆ ಇತ್ತು. ತೀರ್ಪುಗಾರರು ಬೇರೆ ತಾಲೂಕಿನವರಾಗಿದ್ದರೆ ಒಳ್ಳೆಯದು ಎಂದು ಕಾರವಾರದಿಂದ ನನ್ನನ್ನು ಕರೆದಿದ್ದರು. ಪ್ರಶ್ನೆ ತಯಾರಿಸುವುದು, ಕೇಳುವುದು, ತೀರ್ಪು ಹೇಳುವುದು ಮೂರೂ ನನ್ನ ಕೆಲಸವೇ. ಗೆದ್ದ ತಂಡ ಮುಂದಿನ ಶುಕ್ರವಾರ ಕಾರವಾರದಲ್ಲಿ ನಡೆಯುವ ಜಿಲ್ಲಾ ಸ್ಪರ್ಧೆಗೆ ಹೋಗಬೇಕಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಹಿಲ್ಲೂರಿನ ಕಡೆಯ ರೈತರ ಮನೆಯವಳು. ಇಪ್ಪತ್ತಮೂರು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ‘ಸುಮಿತ್ರಾ ಟೀಚರ್ ಲೆಕ್ಕ ತಪ್ಪೋದಿಲ್ಲ’ ಎಂದು ನಮ್ಮ ಶಾಲೆಯಲ್ಲಿ ಒಂದು ಮಾತಿದೆ. ಮಕ್ಕಳು ಹೇಳುತ್ತಿದ್ದರು, ಸಹೋದ್ಯೋಗಿಗಳು ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ. ಆ ದಿನ ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ ಅಂತಲೂ ಹೇಳಬೇಕು.

ಹನ್ನೆರಡು ಶಾಲೆಯ ತಂಡಗಳು ಬಂದಿದ್ದವು. ಒಂದೊಂದು ತಂಡಕ್ಕೆ ಇಬ್ಬರು ಮಕ್ಕಳು. ಸಭಾಂಗಣದ ತುಂಬ ಬೇರೆ ಬೇರೆ ಶಾಲೆಯ ಮಕ್ಕಳು ನೋಡಲು ಕೂತಿದ್ದರು. ಐದು ಸುತ್ತು ಮುಗಿಯುವಷ್ಟರಲ್ಲಿ ಎರಡು ತಂಡ ಸಮ ಸಮ ಬಂದು ನಿಂತವು. ಒಂದು ಪೇಟೆಯ ಶಾಲೆಯದು, ಇಬ್ಬರೂ ಹುಡುಗರು. ಇನ್ನೊಂದು ಸರಕಾರಿ ಹೈಸ್ಕೂಲಿನದು, ನಾಗವೇಣಿ ಮತ್ತು ಶ್ವೇತಾ ಎಂಬ ಹತ್ತನೇ ತರಗತಿಯ ಹುಡುಗಿಯರು. ನಾಗವೇಣಿ ಸಣಕಲು ಹುಡುಗಿ, ಎರಡು ಜಡೆ. ಉತ್ತರ ಬರೆಯುವ ಮೊದಲು ಪ್ರಶ್ನೆಯನ್ನು ತುಟಿ ಅಲ್ಲಾಡಿಸಿಕೊಂಡು ಎರಡು ಸಲ ಓದುತ್ತಿದ್ದಳು.

ಗೆಲುವು ತೀರ್ಮಾನ ಮಾಡಲು ಇನ್ನೊಂದು ಪ್ರಶ್ನೆ ಬೇಕಾಯಿತು. ಹಾಗೆ ಆಗಬಹುದು ಎಂದು ಒಂದನ್ನು ನಾನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಎದ್ದು ಹೋಗಿ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ:

−2⁴ + 3 × (5 − 2)²

"ಒಂದು ನಿಮಿಷ" ಎಂದೆ.

ಓದುವವರಲ್ಲಿ ಗಣಿತ ಮರೆತವರಿದ್ದರೆ ಹೇಳುತ್ತೇನೆ, ಇಂಥ ಲೆಕ್ಕಕ್ಕೆ ಒಂದು ಕ್ರಮವಿದೆ. ಮೊದಲು ಆವರಣದ ಒಳಗಿನದ್ದು, ಆಮೇಲೆ ಘಾತ, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡುವುದು ಕಳೆಯುವುದು. ಘಾತ ಎಂದರೆ ಮೇಲೆ ಬರೆದ ಸಣ್ಣ ಅಂಕಿ. ಎರಡರ ತಲೆಯ ಮೇಲೆ ನಾಲ್ಕು ಇದ್ದರೆ ಎರಡನ್ನು ನಾಲ್ಕು ಸಲ ಇಟ್ಟು ಗುಣಿಸು ಎಂದರ್ಥ, ಅದು ಹದಿನಾರು. ಈ ಕ್ರಮವನ್ನು ನಾನು ವರ್ಷ ವರ್ಷವೂ ಹಾಡಿನ ಹಾಗೆ ಹೇಳಿಕೊಟ್ಟಿದ್ದೇನೆ.

ಸಮಯ ಮುಗಿಯಿತು. ಹುಡುಗರು ಸ್ಲೇಟು ಎತ್ತಿದರು: 43. ಹುಡುಗಿಯರು ಎತ್ತಿದರು: 11.

ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ 43 ಇತ್ತು. ಹುಡುಗರು ಗೆದ್ದರು ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ನಾಗವೇಣಿ ಎದ್ದು ನಿಂತಳು.

"ಟೀಚರ್, ಮೈನಸ್ಸು ಆವರಣದ ಒಳಗಿಲ್ಲ" ಎಂದಳು. ದನಿ ಸಣ್ಣದಿತ್ತು, ಆದರೆ ನಡುಗುತ್ತಿರಲಿಲ್ಲ.

ನಾನು ಬೋರ್ಡಿನ ಕಡೆ ತಿರುಗಿ ಕೂಡ ನೋಡಲಿಲ್ಲ. "ಮೈನಸ್ಸಿಗೆ ಸಮಸಂಖ್ಯೆಯ ಘಾತ ಬಂದರೆ ಪ್ಲಸ್ ಆಗ್ತದೆ ಅಂತ ನಿಮ್ಮ ಶಾಲೆಯಲ್ಲಿ ಕಲಿಸಲಿಲ್ಲವೇನಮ್ಮ?" ಎಂದೆ. ಮೈಕು ನನ್ನ ಕೈಯಲ್ಲೇ ಇತ್ತು. ಇಡೀ ಸಭಾಂಗಣ ನಕ್ಕಿತು. ಅವಳು ಕೂತಳು. ಪಕ್ಕದಲ್ಲಿದ್ದ ಶ್ವೇತಾ ಸ್ಲೇಟು ಒರೆಸಲು ಹೋದರೆ ನಾಗವೇಣಿ ಕೈ ಅಡ್ಡ ಹಿಡಿದದ್ದು ನನಗೆ ಕಂಡಿತು. ಹಟಮಾರಿ ಹುಡುಗಿ ಎಂದುಕೊಂಡೆ.

ಗೆದ್ದವರಿಗೆ ಕಪ್ಪು ಕೊಟ್ಟಾಯಿತು, ಫೋಟೋ ತೆಗೆದಾಯಿತು, ನನಗೊಂದು ಶಾಲು ಹೊದಿಸಿದ್ದೂ ಆಯಿತು. ನಾಲ್ಕೂವರೆಗೆ ಕಾರವಾರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ದಿನ ಚೆನ್ನಾಗಿ ಹೋಯಿತು ಎಂದು ನೆಮ್ಮದಿಯಿಂದ ಕೂತೆ.

ಅವರ್ಸಾ ದಾಟುವಾಗ ಮೊಬೈಲಿಗೆ ಫೋಟೋ ಬಂತು. ಸ್ಪರ್ಧೆಯ ಸಂಘಟಕರಾದ ವೆಂಕಟ್ರಮಣ ಮಾಸ್ತರು ತಾಲೂಕಿನ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಸ್ಪರ್ಧೆಯ ಕೆಲಸಕ್ಕೆಂದು ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರು. ಸೀರೆ ಹೇಗೆ ಕಾಣುತ್ತದೆ ನೋಡೋಣ ಎಂದು ಫೋಟೋ ದೊಡ್ಡದು ಮಾಡಿದೆ. ನಾನು ನಗುತ್ತಾ ಕಪ್ಪು ಕೊಡುತ್ತಿದ್ದೇನೆ, ಹುಡುಗರು ನಗುತ್ತಾ ತೆಗೆದುಕೊಳ್ಳುತ್ತಿದ್ದಾರೆ. ನಮ್ಮ ಹಿಂದೆ ಬೋರ್ಡು. ಬೋರ್ಡಿನ ಮೇಲೆ ನನ್ನದೇ ಕೈಬರಹ. ಮೈನಸ್ ಎರಡು, ಮೇಲೆ ನಾಲ್ಕು. ಆವರಣ ಇಲ್ಲ.

ಚೀಲದಿಂದ ನೋಟ್‌ಬುಕ್ ತೆಗೆದೆ. ಅಲ್ಲಿ (−2)⁴ ಎಂದು ಆವರಣ ಹಾಕಿ ನೀಟಾಗಿ ಬರೆದುಕೊಂಡಿದ್ದೆ. ಬೋರ್ಡಿಗೆ ಬರೆಯುವಾಗ ಆವರಣ ಬಿಟ್ಟುಹೋಗಿತ್ತು. ಆವರಣ ಇದ್ದರೆ ಮೈನಸ್ಸೂ ಸೇರಿ ನಾಲ್ಕು ಸಲ ಗುಣಿಸಬೇಕು, ಪ್ಲಸ್ ಹದಿನಾರು ಬರುತ್ತದೆ, ಉತ್ತರ 43. ಆವರಣ ಇಲ್ಲದಿದ್ದರೆ ಘಾತ ಎರಡಕ್ಕೆ ಮಾತ್ರ. ಮೊದಲು ಹದಿನಾರು ಮಾಡಿ ಆಮೇಲೆ ಅದರ ಹಿಂದೆ ಮೈನಸ್ಸು ಇಡಬೇಕು. ಮೈನಸ್ ಹದಿನಾರು, ಪ್ಲಸ್ ಇಪ್ಪತ್ತೇಳು, ಹನ್ನೊಂದು. ನಾನು ನನ್ನ ಮನಸ್ಸಿನಲ್ಲಿದ್ದದ್ದನ್ನು ಓದಿದ್ದೆ. ಆ ಹುಡುಗಿ ಬೋರ್ಡಿನಲ್ಲಿದ್ದದ್ದನ್ನು ಓದಿದ್ದಳು. ಅಷ್ಟೇ ಅಲ್ಲ, ಯಾವ ಜಾಗದಲ್ಲಿ ತಪ್ಪಾಗಿದೆ ಎಂದು ಬೆರಳಿಟ್ಟು ತೋರಿಸಿಯೂ ಇದ್ದಳು.

ಮುಂದೆ ಹಾರವಾಡದಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಕಂಡಕ್ಟರು, "ಮೇಡಂ, ಕಾರವಾರ ಅಲ್ಲ ಇದು" ಎಂದ. "ಗೊತ್ತು" ಎಂದೆ.

ರಸ್ತೆಯ ಪಕ್ಕ ನಿಂತುಕೊಂಡು ವೆಂಕಟ್ರಮಣ ಮಾಸ್ತರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು.

"ಅಕ್ಕೋರೆ, ಎಲ್ಲಾ ಮುಗ್ದಿದೆ. ಗೆದ್ದವರ ಹೆಸರು ಸೋಮವಾರ ಕಾರವಾರಕ್ಕೆ ಕಳಿಸೂದು ಅಷ್ಟೇ ಬಾಕಿ. ತೀರ್ಪುಗಾರರ ತೀರ್ಮಾನವೇ ಅಂತಿಮ ಅಂತ ಹಾಳೆ ಮೇಲೆ ನಾವೇ ಬರದೀವಿ. ಒಂದು ಆವರಣಕ್ಕೆ ಯಾಕೆ ತಲೆ ಬಿಸಿ ಮಾಡ್ಕಳ್ತ್ರಿ? ಯಾರಿಗೂ ಗೊತ್ತಾಗೂದಿಲ್ಲ."

"ಆ ಹುಡುಗಿಗೆ ಗೊತ್ತುಂಟಲ್ಲ ಮಾಸ್ತರೇ" ಎಂದೆ.

ಅವರು, "ನೀವೇ ಯೋಚನೆ ಮಾಡಿ" ಎಂದು ಫೋನಿಟ್ಟರು.

ಈಗ ದೊಡ್ಡ ಮನಸ್ಸಿನವಳಂತೆ ಬರೆಯುತ್ತಿದ್ದೇನೆ, ಆದರೆ ಆಗ ನಿಜವಾಗಿ ನಡೆದದ್ದು ಬೇರೆ. ಮಾಸ್ತರು ಹೇಳಿದ್ದು ಸರಿ ಎಂದು ನನಗೂ ಅನ್ನಿಸತೊಡಗಿತು. ಇಷ್ಟು ವರ್ಷದ ಹೆಸರು ಒಂದು ಆವರಣಕ್ಕೆ ಹೋಗಬೇಕೇ ಎಂದುಕೊಂಡೆ. ಮೊದಲು ಕಾರವಾರದ ಬಸ್ಸು ಬಂದಿದ್ದರೆ ಬಹುಶಃ ಅದನ್ನೇ ಹತ್ತುತ್ತಿದ್ದೆ. ಅಂಕೋಲೆಯ ಬಸ್ಸು ಮೊದಲು ಬಂತು. ರಸ್ತೆ ದಾಟಿ ಓಡಿ ಹತ್ತಿದೆ.

ಅಂಕೋಲೆಯಲ್ಲಿಳಿದು ರಿಕ್ಷಾದವನಿಗೆ ಶಾಲೆಯ ಹೆಸರು, ಹುಡುಗಿಯ ಹೆಸರು ಹೇಳಿದೆ. "ಮೀನು ಮಾರೂ ದೇವಕಕ್ಕನ ಮಗಳಾ? ಬೊಬ್ರುವಾಡದ ಬದಿ. ಕೂತ್ಕಣಿ" ಎಂದ. ಹತ್ತು ನಿಮಿಷದಲ್ಲಿ ಒಂದು ಹಂಚಿನ ಮನೆಯ ಮುಂದೆ ಬಿಟ್ಟ. ಆಗಿನ್ನೂ ಬೆಳಕಿತ್ತು. ಅಂಗಳದಲ್ಲಿ ಬಲೆ ಹರಡಿತ್ತು. ದೇವಕಕ್ಕ ಜಗಲಿಯ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿಯ ಪದಾರ್ಥಕ್ಕೆ ಬಂಗಡೆ ಮೀನು ಕೊಯ್ಯುತ್ತಿದ್ದರು. ಜರಿ ಸೀರೆ ಉಟ್ಟು, ಕೈಯಲ್ಲಿ ಶಾಲು ಹಿಡಿದು ಬಂದವಳನ್ನು ನೋಡಿ ಗಡಬಡಿಸಿ ಎದ್ದರು.

"ನಾನು ಇವತ್ತಿನ ಸ್ಪರ್ಧೆಯ ಟೀಚರ್" ಎಂದೆ.

ಅವರ ಮುಖ ಇಳಿಯಿತು. "ಎಂತ ಮಾಡದ್ಲು ಅಕ್ಕೋರೆ ನಮ್ಮ ಹುಡುಗಿ? ಎದುರು ಮಾತಾಡದ್ಲಾ? ಮನಿಗೆ ಬಂದಾಗಿಂದ ಅದೇ ಹೇಳ್ತಾ ಉಂಟು, ತನ್ನ ಉತ್ತರ ಸರಿ ಅಂತ. ಅಕ್ಕೋರು ಹೇಳದ ಮೇಲೆ ಮುಗೀತು, ನೀನು ಅವರಕಿಂತ ಹೆಚ್ಚು ಕಲ್ತಿದ್ಯಾ ಅಂತ ನಾನೇ ಬೈದೆ. ಸಣ್ಣದು, ಮನಸ್ಸಿಗೆ ಹಾಕ್ಕಳಬೇಡಿ."

ಸಭಾಂಗಣದಲ್ಲಿ ನಾನು ಒಂದು ಸಲ ಅವಮಾನ ಮಾಡಿದ್ದೆ, ನನ್ನ ಕಾರಣದಿಂದ ಮನೆಯಲ್ಲಿ ಎರಡನೇ ಸಲ ಬೈಗುಳ ತಿಂದಿದ್ದಳು.

"ಬೈಬೇಡಿ ಅಕ್ಕ. ಅವಳು ಹೇಳಿದ್ದೇ ಸರಿ. ತಪ್ಪು ನನ್ನದು. ಅದನ್ನೇ ಹೇಳೋದಕ್ಕೆ ಬಂದೆ" ಎಂದೆ.

ದೇವಕಕ್ಕ ಒಳಗೆ ತಿರುಗಿ, "ನಾಗೂ, ಹೊರಗೆ ಬಾ" ಎಂದು ಕರೆದರು. ಹುಡುಗಿ ಬಾಗಿಲಿನ ಮರೆಯಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಾಳೇನೋ ಅಂದುಕೊಂಡಿದ್ದೆ, ಅಳಲಿಲ್ಲ.

ನಾನು ನೋಟ್‌ಬುಕ್ ತೆಗೆದು ತೋರಿಸಿದೆ. ಆವರಣ ಹೇಗೆ ಬಿಟ್ಟುಹೋಯಿತು ಎಂದು ಹೇಳಿದೆ. "ನೀನು ಬೋರ್ಡಿನಲ್ಲಿದ್ದದ್ದನ್ನು ಸರಿಯಾಗಿ ಬಿಡಿಸಿದೆ. ನಾನು ತಿರುಗಿ ನೋಡದೆ ನಿನ್ನನ್ನು ಗದರಿದೆ. ಕ್ಷಮಿಸು" ಎಂದೆ.

ಅವಳು ನೋಟ್‌ಬುಕ್ಕನ್ನೂ ನನ್ನನ್ನೂ ನೋಡಿದಳು. "ಟೀಚರ್, ಒಂದು ಕೇಳ್ಲಾ?" ಎಂದಳು.

"ಕೇಳು."

"ಅಲ್ಲಿ ಎಲ್ಲರೂ ನಕ್ಕರು. ಇಲ್ಲಿ ನಮ್ಮ ಮನೇಲಿ ಹೇಳಿದ್ರೆ ಅವರಿಗೆ ಗೊತ್ತಾಗ್ತದಾ?"

"ಏ ನಾಗೂ" ಎಂದು ತಾಯಿ ಗದರಿದರು. ಆದರೆ ಆ ಪ್ರಶ್ನೆಗೆ ಉತ್ತರ ಒಂದೇ ಇತ್ತು. ನಾನು ಜಗಲಿಯ ಮೇಲೆ ಕೂತು ಮೊಬೈಲ್ ತೆಗೆದೆ. ಅದೇ ಶಿಕ್ಷಕರ ಗುಂಪಿಗೆ ಬರೆದೆ: ‘ಇಂದಿನ ಕೊನೆಯ ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆದ ರೀತಿಗೆ ಸರಿಯಾದ ಉತ್ತರ 11. ನಾನು ಆವರಣ ಹಾಕಲು ಮರೆತು 43 ಎಂದು ತಪ್ಪು ತೀರ್ಪು ಕೊಟ್ಟೆ. ಕುಮಾರಿ ನಾಗವೇಣಿ ಅಲ್ಲೇ ತಪ್ಪು ತೋರಿಸಿದ್ದಳು, ನಾನು ಕೇಳಲಿಲ್ಲ. ಫಲಿತಾಂಶ ತಿದ್ದಬೇಕೆಂದು ವಿನಂತಿ. ಸುಮಿತ್ರಾ.’ ಬರೆದದ್ದನ್ನು ಇನ್ನೊಂದು ಸಲ ಓದಿದೆ. ಆಮೇಲೆ ಕಳಿಸಿದೆ.

ದೇವಕಕ್ಕ ಕೈ ತೊಳೆದು ಚಾ ಮಾಡಿ, ಒಗ್ಗರಣೆ ಹಾಕಿದ ಅವಲಕ್ಕಿ ತಂದಿಟ್ಟರು. ನಾನು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಮೊಬೈಲು ಬಡಕೊಳ್ಳಲು ಶುರುವಾಯಿತು.

ಒಬ್ಬ ಮಾಸ್ತರು ಬರೆದರು, ಟೀಚರ್ ಮೊದಲು ಹೇಳಿದ್ದೇ ಸರಿ, ಉತ್ತರ 43, ಸುಮ್ಮನೆ ಗೊಂದಲ ಮಾಡಬೇಡಿ. ಇನ್ನೊಬ್ಬರು ತಮ್ಮ ಮೊಬೈಲ್ ಕ್ಯಾಲ್ಕುಲೇಟರಿನ ಚಿತ್ರ ಹಾಕಿದರು, ಅದರಲ್ಲಿ 11. ಮತ್ತೊಬ್ಬರು ಕಂಪ್ಯೂಟರಿನ ಲೆಕ್ಕದ ಹಾಳೆಯ ಚಿತ್ರ ಹಾಕಿದರು, ಅದರಲ್ಲಿ 43; ಆ ಹಾಳೆ ಮೈನಸ್ಸನ್ನು ಅಂಕಿಗೇ ಅಂಟಿಸಿ ಲೆಕ್ಕ ಮಾಡುತ್ತದೆ. ಪ್ರಶ್ನೆಯೇ ಸರಿ ಇಲ್ಲ, ಇನ್ನೊಂದು ಸಲ ಸ್ಪರ್ಧೆ ಮಾಡಿ ಎಂದು ಒಬ್ಬರು. ಗುಂಪಿಗೆ ಅದು ಹೇಗೆ ಸೇರಿದ್ದರೋ ಗೊತ್ತಿಲ್ಲ, ಒಬ್ಬ ಹಿಂದಿ ಮಾಸ್ತರು, ‘ನಾನು ಹಿಂದಿಯವ. ಆದರೂ ಕೇಳ್ತೇನೆ, ಎರಡು ಕಪ್ಪು ತಂದರೆ ಆಗ್ತಿತ್ತಲ್ಲವೋ?’ ಎಂದು ಬರೆದರು. ಅದನ್ನು ಓದಿ ಹೇಳಿದಾಗ ನಾಗವೇಣಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ದಿನ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಕ್ರಮ ವಿವರಿಸಿ ಉದ್ದಕ್ಕೆ ಬರೆಯಲು ಹೊರಟೆ. ನಾಗವೇಣಿ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. "ಅಷ್ಟೆಲ್ಲ ಬೇಡ ಟೀಚರ್" ಎಂದಳು. "ಕೂಡೂ ಲೆಕ್ಕದಲ್ಲಿ ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ ಬರೆದ್ರೆ ಉತ್ತರ ಬದಲಾಗೂದಿಲ್ಲ ಅಲ್ವಾ? ಮೂರು ಗುಣಿಸು ಆವರಣದ್ದು ಮೊದಲು ಬರೀರಿ, ಮೈನಸ್ ಎರಡರ ಘಾತ ನಾಲ್ಕು ಆಮೇಲೆ ಬರೀರಿ. ಈಗ ಇಪ್ಪತ್ತೇಳರಲ್ಲಿ ಹದಿನಾರು ಕಳೀತ್ರೋ, ಕೂಡಿಸ್ತ್ರೋ ಅಂತ ಕೇಳಿ."

ನಾನು ಅವಳನ್ನೇ ನೋಡಿದೆ. ಇಷ್ಟು ವರ್ಷದಲ್ಲಿ ನನಗೆ ಹೀಗೆ ಹೇಳಿಕೊಡಲು ಹೊಳೆದಿರಲಿಲ್ಲ. 3 × (5 − 2)² − 2⁴ ಎಂದು ಬರೆದರೆ ಯಾರೂ ಆ ಮೈನಸ್ಸನ್ನು ಪ್ಲಸ್ ಮಾಡುವುದಿಲ್ಲ. ಏಳನೇ ತರಗತಿಯ ಮಗುವೂ ಇಪ್ಪತ್ತೇಳರಲ್ಲಿ ಹದಿನಾರು ಕಳೆಯುತ್ತದೆ. ಅವಳು ಹೇಳಿದ್ದನ್ನು ಹಾಗೇ ಬರೆದು, ಕೆಳಗೆ ‘ನಾಗವೇಣಿಯ ವಿವರಣೆ’ ಎಂದು ಸೇರಿಸಿ ಕಳಿಸಿದೆ.

43 ಎಂದು ಹಟ ಹಿಡಿದಿದ್ದ ಮಾಸ್ತರು ಮೊದಲು ಒಂದು ಕೈ ಮುಗಿಯುವ ಚಿಹ್ನೆ ಹಾಕಿದರು. ಆಮೇಲೆ ಗೆದ್ದ ಹುಡುಗರ ಶಾಲೆಯ ಟೀಚರ್ ಬರೆದರು: ‘ನಮ್ಮ ಹುಡುಗರಿಗೆ ಫೋನ್ ಮಾಡಿ ಮತ್ತೊಮ್ಮೆ ಬಿಡಿಸಲು ಹೇಳಿದೆ. ಅವರೂ 11 ಅಂತಾರೆ. ಕಪ್ಪು ಸೋಮವಾರ ಅವರೇ ತಂದು ಕೊಡ್ತಾರೆ.’ ಐದು ನಿಮಿಷ ಬಿಟ್ಟು ವೆಂಕಟ್ರಮಣ ಮಾಸ್ತರ ಫೋನು ಬಂತು. "ಅಕ್ಕೋರೆ, ಕಾರವಾರಕ್ಕೆ ಆ ಹುಡುಗಿಯರ ಹೆಸರೇ ಕಳಿಸ್ತೆ. ನೀವು ಎಲ್ಲಿದ್ರಿ ಈಗ?" ಎಂದರು. "ನಾಗವೇಣಿಯ ಮನೇಲಿ ಅವಲಕ್ಕಿ ತಿಂತಾ ಇದ್ದೇನೆ" ಎಂದೆ. ಅವರು ಜೋರಾಗಿ ನಕ್ಕರು.

ನಾಗವೇಣಿ ಶ್ವೇತಾಗೆ ಫೋನ್ ಮಾಡಲು ತಾಯಿಯ ಮೊಬೈಲ್ ಹಿಡಿದು ಅಂಗಳದ ತುದಿಗೆ ಓಡಿದಳು. ದೇವಕಕ್ಕ ನನ್ನ ಹತ್ತಿರ ಕೂತು ಮೆಲ್ಲಗೆ ಕೇಳಿದರು. "ಅಕ್ಕೋರೆ, ನನಗೆ ಲೆಕ್ಕ ತಿಳೀದು. ಹುಡುಗಿ ಹುಷಾರಿದೆಯಾ, ಖರೇ ಹೇಳಿ."

"ನನಗಿಂತ ಹುಷಾರಿದ್ದಾಳೆ ಅಕ್ಕ" ಎಂದೆ. ಆ ಹೊತ್ತಿಗೆ ಅದು ಬರೀ ಔಪಚಾರಿಕ ಮಾತಾಗಿರಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಮತ್ತೆ ಅಂಕೋಲೆಗೆ ಹೋದೆ. ನಾಗವೇಣಿಯ ಶಾಲೆಯ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮುಖ್ಯಾಧ್ಯಾಪಕರ ಅನುಮತಿ ಕೇಳಿ, ಸಾಲಾಗಿ ನಿಂತ ಮಕ್ಕಳ ಮುಂದೆ ನಡೆದದ್ದನ್ನು ಹೇಳಿದೆ. ಶನಿವಾರ ನಕ್ಕವರಲ್ಲಿ ಕೆಲವರು ಅಲ್ಲೇ ಇದ್ದರು, ತಲೆ ತಗ್ಗಿಸಿಕೊಂಡರು. ನಕ್ಕದ್ದು ಅವರ ತಪ್ಪಲ್ಲ, ನಗಿಸಿದ್ದು ನಾನು ಎಂದೆ. ಕಪ್ಪು ಹಿಡಿದುಕೊಂಡು ಆ ಇಬ್ಬರು ಹುಡುಗರೂ ಬಂದಿದ್ದರು. ಅವರಲ್ಲೊಬ್ಬ ಕಪ್ಪು ಕೊಡುತ್ತಾ ನಾಗವೇಣಿಗೆ, "ನಾವೂ ಮೊದಲು ಹನ್ನೊಂದೇ ಬರ್ದಿದ್ವಿ. ಇಂಥ ಟೀಚರು ಇಷ್ಟು ಸುಲಭದ್ದು ಕೇಳ್ತಾರಾ ಅಂತ ಒರೆಸಿ ನಲವತ್ಮೂರು ಮಾಡದ್ವಿ" ಎಂದ. ಅದನ್ನು ಕೇಳಿ ಮುಖ್ಯಾಧ್ಯಾಪಕರೂ ನಗು ತಡೆದುಕೊಳ್ಳಲಿಲ್ಲ. ನನಗೂ ನಗು ಬಂತು. ಎರಡು ದಿನದಿಂದ ಎದೆಯಲ್ಲಿ ಕೂತಿದ್ದ ಭಾರ ಆ ನಗುವಿನಲ್ಲಿ ಇಳಿಯಿತು.

ಶುಕ್ರವಾರ ಕಾರವಾರದ ಸ್ಪರ್ಧೆಗೆ ನಾನು ಪ್ರೇಕ್ಷಕಳಾಗಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹುಡುಗಿಯರು ಮೂರನೆಯವರಾಗಿ ಬಂದರು. ಮಲ್ಲಾಪುರದ ಕಡೆಯ ಶಾಲೆಯೊಂದು ಮೊದಲು ಬಂತು. ಜ್ಯಾಮಿತಿಯ ಸುತ್ತಿನಲ್ಲಿ ನಾಗವೇಣಿ ಎರಡು ತಪ್ಪು ಮಾಡಿದಳು. ಹೊರಗೆ ಬಂದು ಅವಳೇ ಹೇಳಿದಳು, "ಅದು ನಿಜವಾಗಿಯೂ ನನ್ನದೇ ತಪ್ಪು ಟೀಚರ್. ಕೋನ ಅಳೆಯೂದು ಬಿಟ್ಟು ಅಂದಾಜು ಮಾಡ್ದೆ." ಬೇಜಾರೇನೂ ಇರಲಿಲ್ಲ. ದೇವಕಕ್ಕನೂ ಬಂದಿದ್ದರು. ಅವತ್ತು ವ್ಯಾಪಾರಕ್ಕೆ ರಜೆ. ನಾವು ನಾಲ್ವರೂ ಸಮುದ್ರದ ದಂಡೆಯ ಹತ್ತಿರ ಐಸ್‌ಕ್ರೀಮ್ ತಿಂದೆವು.

ಆಮೇಲೆ ನನ್ನ ಪಾಠದಲ್ಲಿ ಒಂದು ಬದಲಾವಣೆ ಬಂದಿದೆ. ಘಾತಗಳ ಲೆಕ್ಕ ಕಲಿಸುವಾಗ ಮಕ್ಕಳಿಗೆ ಈ ಕಥೆ ಪೂರ್ತಿ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ. ಟೀಚರ್ ತಪ್ಪಿದ ಕಥೆ ಎಂದರೆ ಮಕ್ಕಳಿಗೆ ಬಹಳ ಖುಷಿ. ಹಿಂದಿನ ಬೆಂಚಿನವರೂ ಮೈನಸ್ಸು ಎಲ್ಲಿದೆ ಎಂದು ಕಣ್ಣಿಟ್ಟು ಹುಡುಕುತ್ತಾರೆ. ‘ಸುಮಿತ್ರಾ ಟೀಚರ್ ಲೆಕ್ಕ ತಪ್ಪೋದಿಲ್ಲ’ ಎಂದು ಈಗ ಯಾರೂ ಹೇಳುವುದಿಲ್ಲ. ಆ ಹೆಸರು ಹೋದದ್ದು ಒಳ್ಳೆಯದೇ ಆಯಿತು. ಅದನ್ನು ಹೊತ್ತುಕೊಂಡಿದ್ದಾಗ ಯಾರಾದರೂ ಕೈ ಎತ್ತಿದರೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ನಾಗವೇಣಿ ಈಗ ಪಿಯುಸಿ ಎರಡನೇ ವರ್ಷ, ವಿಜ್ಞಾನ. ಆಗಾಗ ಫೋನ್ ಮಾಡುತ್ತಾಳೆ. ಕಳೆದ ತಿಂಗಳು ಒಂದು ಲೆಕ್ಕದ ಫೋಟೋ ಕಳಿಸಿ, ಇದು ಹೇಗೆ ಎಂದು ಕೇಳಿದಳು. ನೋಡಿದೆ, ದಾರಿ ಕಾಣಲಿಲ್ಲ. ನಾನು ಪಿಯುಸಿ ಗಣಿತ ಬಿಟ್ಟು ಎಷ್ಟೋ ಕಾಲವಾಯಿತು. ಹಿಂದಾಗಿದ್ದರೆ ಕೆಲಸವಿದೆ ಎಂದು ಏನಾದರೂ ನೆಪ ಹೇಳುತ್ತಿದ್ದೆನೇನೋ. ಈ ಸಲ ಫೋನ್ ಮಾಡಿ, "ನನಗೆ ಬರ್ತಾ ಇಲ್ಲ ನಾಗೂ, ನಾಳೆವರೆಗೆ ಸಮಯ ಕೊಡು" ಎಂದೆ.

"ಸಾವಕಾಶ ನೋಡಿ ಟೀಚರ್, ಅವಸರ ಇಲ್ಲ" ಎಂದಳು. ಥೇಟ್ ನಾನು ನನ್ನ ಮಕ್ಕಳಿಗೆ ಹೇಳುವ ದನಿಯಲ್ಲಿ.